ಇಸವಿಯ ಕೆಳಗಿನ ಚುಕ್ಕಿ: ನಾಣ್ಯ ಸಂಗ್ರಹದಲ್ಲಿ ಹೊಸಬರ ಪ್ರಶ್ನೆ, ಹಳಬರ ಉತ್ತರ

(ಹಾಸನದಲ್ಲಿ ನಡೆದ ನಾಣ್ಯ ಪ್ರದರ್ಶನವೊಂದರ ಎರಡನೆಯ ದಿನ ಆಡಿದ ಮಾತುಗಳ ಬರಹ ರೂಪ)

ಹಿರಿಯರೆ, ಸಂಗ್ರಾಹಕ ಮಿತ್ರರೆ, ನೋಡಲು ಬಂದಿರುವ ಊರಿನ ಬಂಧುಗಳೆ,

ನಿನ್ನೆ ಬೆಳಿಗ್ಗೆಯಿಂದ ಸಂಜೆಯವರೆಗೆ ನಮ್ಮ ಮೇಜುಗಳ ಮುಂದೆ ನಿಂತು ಜನರು ಕೇಳಿದ ಪ್ರಶ್ನೆಗಳನ್ನು ನಾನು ಒಂದು ಹಳೆಯ ಡೈರಿಯಲ್ಲಿ ಬರೆದುಕೊಳ್ಳುತ್ತಾ ಹೋದೆ. ಸಂಜೆ ಕುಳಿತು ಓದಿದಾಗ ಅರ್ಧಕ್ಕಿಂತ ಹೆಚ್ಚು ಪುಟಗಳಲ್ಲಿ ಒಂದೇ ಪ್ರಶ್ನೆ ಇತ್ತು: ‘ಸಾರ್, ಇದಕ್ಕೆ ಎಷ್ಟು ಬರುತ್ತದೆ?’ ಆದರೆ ನನ್ನನ್ನು ಯೋಚನೆಗೆ ಹಚ್ಚಿದ್ದು ಆ ಪ್ರಶ್ನೆಗಿಂತ ಹೆಚ್ಚಾಗಿ ಅದಕ್ಕೆ ನಾವು ಕೊಟ್ಟ ಉತ್ತರಗಳು. ಒಬ್ಬರು ತಲೆ ಎತ್ತದೆ ‘ಕಾಮನ್’ ಎಂದರು. ಇನ್ನೊಬ್ಬರು ಪಕ್ಕದವರ ಮುಖ ನೋಡಿ ಮೀಸೆಯಡಿಯಲ್ಲಿ ನಕ್ಕರು. ಮತ್ತೊಬ್ಬರು ‘ಮನೆಯಲ್ಲೇ ಇಟ್ಟುಕೊಳ್ಳಿ’ ಎಂದು ಹೇಳಿ ನಾಣ್ಯವನ್ನು ಮುಟ್ಟದೆಯೇ ಹಿಂದಕ್ಕೆ ತಳ್ಳಿದರು. ‘ಕಾಮನ್’ ಎನ್ನುವುದು ನಮ್ಮ ನಡುವೆ ಒಂದು ವ್ಯವಹಾರದ ಮಾತು. ಹೇರಳವಾಗಿ ಸಿಗುವ ನಾಣ್ಯ ಎಂದಷ್ಟೇ ಅದರ ಅರ್ಥ. ಅಜ್ಜನ ಟ್ರಂಕಿನಿಂದ ತೆಗೆದು, ಕರವಸ್ತ್ರದಲ್ಲಿ ಸುತ್ತಿ, ಬಸ್ಸಿನಲ್ಲಿ ಜೋಪಾನವಾಗಿ ತಂದವರಿಗೆ ಆ ಮಾತು ನಾಣ್ಯದ ಬಗ್ಗೆ ಹೇಳಿದಂತೆ ಕೇಳಿಸುವುದಿಲ್ಲ, ತಮ್ಮ ಬಗ್ಗೆಯೇ ಹೇಳಿದಂತೆ ಕೇಳಿಸುತ್ತದೆ.

ನಾನೂ ಒಂದು ದಿನ ಇಂಥ ಪ್ರಶ್ನೆ ಕೇಳಿದವನೇ. ಸುಮಾರು ನಲವತ್ತು ವರ್ಷಗಳ ಹಿಂದೆ, ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿ ಸೇರಿದ ಹೊಸತರಲ್ಲಿ, ಸಕಲೇಶಪುರದ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ ಆಗಿದ್ದ ಹಿರಿಯರೊಬ್ಬರ ಮನೆಗೆ ಹೋಗಿದ್ದೆ. ತೋಟದ ಬಟವಾಡೆಯ ಲೆಕ್ಕ ಬರೆಯುತ್ತಲೇ ವಯಸ್ಸಾದ ಅವರು ಬೆಳ್ಳಿ ರೂಪಾಯಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಅದರಲ್ಲಿ ವಿಕ್ಟೋರಿಯಾ ರಾಣಿಯ 1862ರ ರೂಪಾಯಿಗಳೇ ಹದಿನೈದೋ ಇಪ್ಪತ್ತೋ ಇದ್ದವು. ‘ಆ ಒಂದು ವರ್ಷ ಮಾತ್ರ ಇಷ್ಟೊಂದು ರೂಪಾಯಿ ಯಾಕೆ ಹೊಡೆದರು?’ ಎಂದು ಕೇಳಿದೆ. ಈಗ ನೆನೆದರೆ ಅದು ಎಷ್ಟು ಎಳೆಯ ಪ್ರಶ್ನೆ ಎಂದು ತಿಳಿಯುತ್ತದೆ. ಅವರು ನಗಲಿಲ್ಲ, ಉತ್ತರವನ್ನೂ ಹೇಳಲಿಲ್ಲ. ಕಿಟಕಿಯ ಬೆಳಕಿಗೆ ಎರಡು ರೂಪಾಯಿ ಇಟ್ಟು, ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, ‘ಇಸವಿಯ ಕೆಳಗೆ ಏನಿದೆ ನೋಡಿ ಹೇಳಿ’ ಎಂದರು. ಒಂದರಲ್ಲಿ ಏನೂ ಇರಲಿಲ್ಲ. ಇನ್ನೊಂದರಲ್ಲಿ 1862 ಎಂಬ ಅಂಕಿಗಳ ಅಡಿಯಲ್ಲಿ, ಸೂಜಿ ಚುಚ್ಚಿದಷ್ಟು ಸಣ್ಣ ಚುಕ್ಕಿಗಳ ಸಾಲು ಇತ್ತು. ನಾನು ಎರಡು ಸಲ ಎಣಿಸಿದೆ. ಆಮೇಲೆ ಅವರು ವಿವರಿಸಿದರು: 1862ರ ಬಳಿಕ ಹನ್ನೊಂದು ಹನ್ನೆರಡು ವರ್ಷ ರೂಪಾಯಿಯ ಮೇಲಿನ ಇಸವಿಯನ್ನು ಬದಲಾಯಿಸದೆ ಅದನ್ನೇ ಅಚ್ಚು ಹಾಕುತ್ತಾ ಹೋದರು, ಯಾವ ವರ್ಷದ್ದು ಎಂದು ಗುರುತಿಸಲು ಬೊಂಬಾಯಿಯ ಟಂಕಸಾಲೆ ಚುಕ್ಕಿಗಳನ್ನು ಇಟ್ಟಿತು. ಅದಕ್ಕೂ ಹಿಂದಿನ 1835ರ ವಿಲಿಯಂ ದೊರೆಯ ರೂಪಾಯಿ, 1840ರ ರಾಣಿ ರೂಪಾಯಿಗಳೂ ಹೀಗೆಯೇ, ಒಂದೇ ಇಸವಿಯನ್ನು ಹೊತ್ತು ಹಲವು ವರ್ಷ ಹೊರಬಂದವು.

ಅಂದು ಆ ಹಿರಿಯರು ಉತ್ತರವನ್ನು ಬಾಯಿಂದ ಹೇಳುವ ಮೊದಲು ನನ್ನ ಕೈಗೆ ಕೊಟ್ಟರು. ಎಳೆಯ ಪ್ರಶ್ನೆಗೆ ಮೊದಲ ಉತ್ತರ ನಾಣ್ಯದಲ್ಲೇ ಇದೆ, ಅದನ್ನು ತೋರಿಸುವ ಕೆಲಸವಷ್ಟೇ ಹಳಬನದು ಎಂಬುದು ನನ್ನ ನಂಬಿಕೆ. ಈ ಮಾತನ್ನು ಒಂದೆರಡು ಪ್ರಸಂಗಗಳ ಮೂಲಕ ನಿಮ್ಮ ಮುಂದಿಡುತ್ತೇನೆ.

ಬೆಲೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳೋಣ. ‘ಎಷ್ಟು ಬರುತ್ತದೆ’ ಎಂದು ಕೇಳುವವರೆಲ್ಲರೂ ಒಂದೇ ವಿಷಯ ಕೇಳುತ್ತಿಲ್ಲ. ಮಗಳ ಕಾಲೇಜು ಫೀಸಿಗೆ ಹಣ ಹೊಂದಿಸುತ್ತಿರುವವರು ಕೇಳುವುದು ಒಂದು, ತಾತ ಬಿಟ್ಟುಹೋದ ವಸ್ತುವಿಗೆ ಏನಾದರೂ ಘನತೆ ಇದೆಯೇ ಎಂದು ತಿಳಿಯಬಯಸುವವರು ಕೇಳುವುದು ಇನ್ನೊಂದು, ಮೊಬೈಲಿನ ವಿಡಿಯೋ ನೋಡಿ ಬಂದವರು ಕೇಳುವುದು ಮತ್ತೊಂದು. ಎರಡನೆಯವರಿಗೆ ಬೆಲೆ ಹೇಳುವುದೇ ತಪ್ಪು. ಈಸ್ಟ್ ಇಂಡಿಯಾ ಕಂಪನಿಯ 1835ರ ತಾಮ್ರದ ಕಾಲಾಣೆ ನಮ್ಮ ಜಿಲ್ಲೆಯ ಎಷ್ಟೋ ಮನೆಗಳ ದೇವರ ಪೆಟ್ಟಿಗೆಯಲ್ಲಿ ಇದೆ. ಅಷ್ಟು ದೊಡ್ಡ ಪ್ರಮಾಣದಲ್ಲಿ ಅದನ್ನು ಹೊಡೆದಿದ್ದಾರೆ, ಹಾಗಾಗಿ ಅದರ ಬೆಲೆ ಅಲ್ಪ. ಅದೇ ಆರನೆಯ ಜಾರ್ಜ್ ದೊರೆಯ 1939ರ ಬೆಳ್ಳಿ ರೂಪಾಯಿ ಅದಕ್ಕಿಂತ ನೂರು ವರ್ಷಕ್ಕೂ ಕಿರಿಯದಾದರೂ ಅಪರೂಪದ್ದು, ದುಬಾರಿಯದು, ಆ ಕಾರಣಕ್ಕೇ ನಕಲುಗಳು ಹೇರಳವಾಗಿರುವಂಥದು. ಹಳತಾದಷ್ಟೂ ಬೆಲೆ ಹೆಚ್ಚು ಎಂಬ ಎಣಿಕೆ ಎಲ್ಲ ಹೊಸಬರಲ್ಲೂ ಇರುತ್ತದೆ. ಅದನ್ನು ಬಿಡಿಸಲು ಈ ಎರಡು ನಾಣ್ಯಗಳನ್ನು ಪಕ್ಕಪಕ್ಕದಲ್ಲಿ ಇಟ್ಟರೆ ಸಾಕು, ಭಾಷಣ ಬೇಕಿಲ್ಲ.

ಹಣದ ಅಗತ್ಯವಿರುವವರಿಗೆ ಮಾತ್ರ ನೇರ ಲೆಕ್ಕ ಹೇಳಬೇಕು. 1835ರಿಂದ 1939ರವರೆಗಿನ ಬ್ರಿಟಿಷ್ ರೂಪಾಯಿಯ ತೂಕ 11.66 ಗ್ರಾಂ, ಅದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ, ಅಂದರೆ ಹೆಚ್ಚುಕಡಿಮೆ 10.69 ಗ್ರಾಂ. 1940ರಿಂದ ಬೆಳ್ಳಿ ಅರ್ಧಕ್ಕೆ ಇಳಿಯಿತು. 1947ರ ಹುಲಿಯ ಚಿತ್ರದ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ನಿಕ್ಕಲ್. ಇಷ್ಟು ತಿಳಿದರೆ ಯಾವ ಅಂಗಡಿಯಲ್ಲಿ ಕುಳಿತರೂ ಅವರು ಬೆಳ್ಳಿಯ ದರಕ್ಕಿಂತ ಕೆಳಗೆ ಮೋಸ ಹೋಗುವುದಿಲ್ಲ. ಇಂಥ ಲೆಕ್ಕವನ್ನು ಚೀಟಿಯಲ್ಲಿ ಬರೆದುಕೊಡಲು ನಮ್ಮಲ್ಲಿ ಕೆಲವರು ಹಿಂಜರಿಯುತ್ತಾರೆ, ತಾವೇ ಕೊಳ್ಳುವ ಆಸೆಯಿಂದ. ಅದನ್ನು ನಾನು ಒಪ್ಪುವುದಿಲ್ಲ.

ವಿಡಿಯೋ ನೋಡಿ ಬಂದವರ ವಿಷಯದಲ್ಲಿ ಬೆಲೆಗಿಂತ ಮೊದಲು ಬೇರೊಂದು ಮಾತು ಹೇಳಬೇಕು. ವೈಷ್ಣೋದೇವಿಯ ಚಿತ್ರವಿರುವ 2012ರ ಐದು ರೂಪಾಯಿ, ಹತ್ತು ರೂಪಾಯಿಗಳು ಲಕ್ಷಗಟ್ಟಲೆಗೆ ಹೋಗುತ್ತವೆ ಎಂದು ನಂಬಿ, ‘ನೋಂದಣಿ ಶುಲ್ಕ’, ‘ತೆರಿಗೆ’ ಎಂದು ಯಾರದೋ ಖಾತೆಗೆ ಹಣ ಕಟ್ಟಿದವರು ನಮ್ಮ ನಡುವೆಯೇ ಇದ್ದಾರೆ. ತನ್ನ ಹೆಸರು ಬಳಸಿ ಹಳೆಯ ನಾಣ್ಯ ನೋಟುಗಳ ಮಾರಾಟಕ್ಕೆ ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ಆಗಸ್ಟಿನಲ್ಲೇ ಎಚ್ಚರಿಕೆ ನೀಡಿತ್ತು. ಹೀಗೆ ಬಂದವರನ್ನು ನಾವು ನಕ್ಕು ಕಳುಹಿಸಿದರೆ ಅವರು ನೇರವಾಗಿ ಹೋಗುವುದು ಆ ಶುಲ್ಕ ಕೇಳುವವನ ಬಳಿಗೆ, ಏಕೆಂದರೆ ಅವನು ಎಂದೂ ನಗುವುದಿಲ್ಲ. ಬಹಳ ಗೌರವದಿಂದ ‘ಮೇಡಂ’ ಎಂದೇ ಮಾತನಾಡುತ್ತಾನೆ.

ಇಲ್ಲಿ ನನ್ನದೊಂದು ತಪ್ಪನ್ನು ಹೇಳಿಕೊಳ್ಳಬೇಕು. ಹತ್ತು ಹನ್ನೆರಡು ವರ್ಷದ ಹಿಂದೆ ಅರಕಲಗೂಡಿನ ಕಡೆಯಿಂದ ಒಬ್ಬ ಅಜ್ಜಿ, ಸೆರಗಿನ ಗಂಟಿನಲ್ಲಿ ಒಂದು ತಾಮ್ರದ ಕಾಸು ಕಟ್ಟಿಕೊಂಡು ನಮ್ಮ ಮೇಜಿನ ಬಳಿ ಬಂದರು. ‘ಏನಪ್ಪ, ಈ ಕಾಸು ನಡೀತದಾ?’ ಎಂದು ಕೇಳಿದರು. ಊಟದ ಹೊತ್ತು, ಬೆಳಗಿನಿಂದ ಅದೇ ಮಾತು ಕೇಳಿ ದಣಿದಿದ್ದೆ. ‘ಇಲ್ಲಮ್ಮ, ಇದು ಈಗ ನಡೆಯುವುದಿಲ್ಲ’ ಎಂದು ಹೇಳಿಬಿಟ್ಟೆ. ಅದು ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ‘ಮಯಿಲಿ ಕಾಸು’. ಒಂದೇ ನಾಣ್ಯದ ಮೇಲೆ ಕನ್ನಡ, ಪಾರಸಿ, ಇಂಗ್ಲಿಷ್ ಮೂರೂ ಲಿಪಿಗಳು ಕುಳಿತಿರುವ, 1843ರ ಹೊತ್ತಿಗೆ ಮೈಸೂರು ಸಂಸ್ಥಾನದ ಟಂಕಸಾಲೆಯ ಕೆಲಸ ನಿಲ್ಲುವುದಕ್ಕೆ ಮೊದಲಿನ ನಾಣ್ಯ. ಒಂದೊಂದಾಗಿ ನೋಡಿದರೆ ಅದೂ ನಮ್ಮ ಮಾತಿನಲ್ಲಿ ‘ಕಾಮನ್’ ಎನ್ನಬಹುದಾದದ್ದೇ. ಆದರೆ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ. ಮುಂದಿನ ವರ್ಷ ಅವರ ಮೊಮ್ಮಗ ಸಿಕ್ಕಿ ಹೇಳಿದ: ಕೊಟ್ಟಿಗೆಯ ಅಟ್ಟದ ಮೇಲೆ ಒಂದು ಮಣ್ಣಿನ ಕುಡಿಕೆಯ ತುಂಬಾ ಅಂಥವು ಇದ್ದವಂತೆ. ‘ನಡೆಯುವುದಿಲ್ಲ’ ಎಂದು ಪ್ರದರ್ಶನದವರೇ ಹೇಳಿದ ಮೇಲೆ ಹಳೆಯ ತಪ್ಪಲೆ, ಮುರಿದ ಬಿಂದಿಗೆಯ ಜೊತೆ ಅವನ್ನೂ ಗುಜರಿಯವನಿಗೆ ತೂಕಕ್ಕೆ ಹಾಕಿದರಂತೆ. ಒಂದು ಕುಡಿಕೆಯಲ್ಲಿ ಒಟ್ಟಿಗೆ ಕೂಡಿಟ್ಟ ನಾಣ್ಯಗಳಿಂದ ಯಾವ ಯಾವ ಬಗೆಯವು ಜೊತೆಯಾಗಿ ಚಲಾವಣೆಯಲ್ಲಿದ್ದವು, ಎಷ್ಟು ಸವೆದಿದ್ದವು, ಮನೆಯವರು ಯಾವಾಗ ಕೂಡಿಡುವುದನ್ನು ನಿಲ್ಲಿಸಿದರು ಎಂಬುದೆಲ್ಲ ತಿಳಿಯುತ್ತಿತ್ತು. ಬಿಡಿ ನಾಣ್ಯ ಎಷ್ಟಿದ್ದರೂ ಅದನ್ನು ಹೇಳುವುದಿಲ್ಲ. ಅಜ್ಜಿಯ ಬಳಿ ನನಗೆ ತಿಳಿಯದ ವಿಷಯವಿತ್ತು. ಪ್ರಶ್ನೆ ಕೇಳಬೇಕಾದವನು ನಾನಾಗಿದ್ದೆ.

ಇನ್ನು ತೊಳೆಯುವ ವಿಷಯ. ಇದರ ಬಗ್ಗೆ ಹೊಸಬರು ಪ್ರಶ್ನೆ ಕೇಳುವುದೇ ಇಲ್ಲ, ಮೊದಲು ತೊಳೆದು ಆಮೇಲೆ ‘ಈಗ ಚೆನ್ನಾಗಿದೆ ಅಲ್ವಾ ಸಾರ್?’ ಎನ್ನುತ್ತಾರೆ. ನಿನ್ನೆ ಒಬ್ಬ ತಾಯಿ ಫಳಫಳ ಹೊಳೆಯುವ ಒಂದು ತಾಮ್ರದ ಕಾಸನ್ನು ನನ್ನ ಅಂಗೈಗೆ ಇಟ್ಟರು. ಹುಣಸೆಹಣ್ಣು, ಉಪ್ಪು, ಆಮೇಲೆ ಪೀತಾಂಬರಿ ಪುಡಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದ್ದರಂತೆ. ಭೂತಗನ್ನಡಿಯ ಅಡಿಯಲ್ಲಿ ಅದರ ಮೈ ತುಂಬಾ ಒಂದೇ ದಿಕ್ಕಿಗೆ ಎಳೆದ ಗೀರುಗಳು. ಅಕ್ಷರಗಳ ಅಂಚು ಸೋಪಿನ ತುಂಡಿನಂತೆ ದುಂಡಗಾಗಿತ್ತು. ಅಕ್ಷರದ ಸಂದಿಯಲ್ಲಿ ಮಾತ್ರ, ತೆಂಗಿನ ನಾರು ತಲುಪದ ಕಡೆ, ಹಳೆಯ ಕಂದು ಬಣ್ಣ ಒಂದು ದಾರದಷ್ಟು ಉಳಿದಿತ್ತು. ಆ ಕಂದು ಬಣ್ಣವೇ ನಾಣ್ಯದ ಚರ್ಮ. ಗಾಳಿ, ತೇವ, ಕೈಯ ಬೆವರುಗಳಿಂದ ವರ್ಷಾನುಗಟ್ಟಲೆ ಕಟ್ಟಿಕೊಂಡ ತೆಳುಪದರ ಒಳಗಿನ ಲೋಹವನ್ನು ಕಾಯುತ್ತದೆ. ಹುಣಸೆಯ ಹುಳಿ ಅದನ್ನು ಕರಗಿಸುತ್ತದೆ, ಪುಡಿ ಉಳಿದದ್ದನ್ನು ಉಜ್ಜಿ ತೆಗೆಯುತ್ತದೆ, ಮತ್ತೆ ಒಂದೆರಡು ಮಳೆಗಾಲದಲ್ಲಿ ಹೊಸ ಕಿಲುಬು ಇನ್ನೂ ಬೇಗ ಏರುತ್ತದೆ. ಮಲೆನಾಡಿನ ಅಂಚಿನಲ್ಲಿರುವ ನಮಗೆ ಅದನ್ನು ಹೇಳಿಕೊಡಬೇಕಿಲ್ಲ.

ಆದರೆ ಆ ತಾಯಿ ತಪ್ಪು ಮಾಡಿದ್ದು ಉದಾಸೀನದಿಂದಲ್ಲ. ನಮ್ಮ ಮನೆಗಳಲ್ಲಿ ತಾಮ್ರವನ್ನು, ಹಿತ್ತಾಳೆಯನ್ನು ಗೌರವಿಸುವ ರೀತಿಯೇ ಬೆಳಗುವುದು. ದೇವರ ಪಾತ್ರೆಯನ್ನು ಮಂಕಾಗಿ ಬಿಡುವ ಗೃಹಿಣಿಯನ್ನು ಯಾರು ಮೆಚ್ಚುತ್ತಾರೆ? ವರಮಹಾಲಕ್ಷ್ಮಿ ಪೂಜೆಗೆಂದು ಕಮಲದ ಚಿತ್ರವಿರುವ ಇಪ್ಪತ್ತು ಪೈಸೆಯ ಹಿತ್ತಾಳೆ ಬಣ್ಣದ ನಾಣ್ಯಗಳನ್ನು ನೂರೆಂಟು ಕೂಡಿಸಿ, ಪ್ರತಿ ಶ್ರಾವಣಕ್ಕೂ ಬೆಳಗಿ ಇಡುವ ಮನೆಗಳು ಎಷ್ಟಿಲ್ಲ! ಆ ನಾಣ್ಯ ಅವರಿಗೆ ಸಂಗ್ರಹವಲ್ಲ, ಲಕ್ಷ್ಮಿ. ಆದ್ದರಿಂದ ‘ಹಾಳು ಮಾಡಿಬಿಟ್ಟಿರಿ’ ಎಂದು ಗದರುವುದಕ್ಕಿಂತ, ದಾರದಷ್ಟು ಉಳಿದ ಆ ಕಂದು ಬಣ್ಣವನ್ನು ತೋರಿಸಿ, ‘ಪೂಜೆಯದನ್ನು ಬೆಳಗಿ, ಸಂಗ್ರಹದ್ದನ್ನು ಹಾಗೇ ಬಿಡಿ’ ಎಂದರೆ ಅವರಿಗೆ ಆ ಕ್ಷಣವೇ ಅರ್ಥವಾಗುತ್ತದೆ. ನಿನ್ನೆ ಅರ್ಥವಾಯಿತು.

ಕಷ್ಟವಾಗುವುದು ರಾಮನ ಚಿತ್ರವಿರುವ ‘1818ರ ಒಂದಾಣೆ’ ಬಂದಾಗ. ಒಂದು ಕಡೆ ಪಟ್ಟಾಭಿಷೇಕದ ದೃಶ್ಯ ಅಥವಾ ಹನುಮಂತ, ಇನ್ನೊಂದು ಕಡೆ ಈಸ್ಟ್ ಇಂಡಿಯಾ ಕಂಪನಿ, ‘ಯುಕೆಎಲ್’ ಎಂಬ ಅಕ್ಷರಗಳು. ಇದು ಎಂದೂ ಚಲಾವಣೆಯಲ್ಲಿದ್ದ ನಾಣ್ಯವಲ್ಲ. ಈಚಿನ ದಿನಗಳಲ್ಲಿ ತಯಾರಿಸಿದ ಬಿಲ್ಲೆ. 1818ರಲ್ಲಿ ಬಂಗಾಳ, ಮದರಾಸು, ಬೊಂಬಾಯಿ ಪ್ರಾಂತಗಳ ನಾಣ್ಯಗಳೇ ಬೇರೆ ಬೇರೆ. ಒಂದೇ ಪದ್ಧತಿ ಬಂದದ್ದು 1835ರಲ್ಲಿ. ಬ್ರಿಟಿಷ್ ಭಾರತದಲ್ಲಿ ಒಂದಾಣೆಯ ನಾಣ್ಯ ಹೊರಬಂದದ್ದು 1907ರಲ್ಲಿ, ಅದೂ ಅಲೆಯಂಚಿನ ಬಿಳಿ ಲೋಹದ್ದು. ಇದನ್ನೆಲ್ಲ ಹೇಳುವುದು ಸುಲಭ. ಆದರೆ ಅದನ್ನು ತಂದವರು ದೇವರ ಮುಂದೆ ಇಟ್ಟು ಪೂಜಿಸಿರುತ್ತಾರೆ, ಇಲ್ಲವೇ ‘ಅಕ್ಕಿ ಸೆಳೆಯುವ ನಾಣ್ಯ’ ಎಂದು ಹೇಳಿದವನಿಗೆ ಸಾಲ ಮಾಡಿ ಹಣ ಕೊಟ್ಟಿರುತ್ತಾರೆ. ರೈಸ್ ಪುಲ್ಲಿಂಗ್ ಎಂಬ ಈ ವಂಚನೆಯ ಹಿಂದೆ ಇರುವುದು ಆಯಸ್ಕಾಂತ ಮತ್ತು ಕಬ್ಬಿಣದ ಪುಡಿ ಸವರಿದ ಅಕ್ಕಿ. ತಾಮ್ರ ಅಕ್ಕಿಯನ್ನು ಸೆಳೆಯುವುದಿಲ್ಲ. ನಾನು ಇಂಥವರ ಮುಂದೆ ಮಾತಾಡದೆ ಮನೆಯ ಡಬ್ಬಿಯ ಅಕ್ಕಿಯನ್ನೇ ತಂದು ಆ ಬಿಲ್ಲೆಯ ಪಕ್ಕದಲ್ಲಿ ಹರಡುತ್ತೇನೆ. ಅಕ್ಕಿ ಅಲುಗುವುದಿಲ್ಲ. ಕನ್ನಡದಲ್ಲಿ ‘ನಾಣ್ಯ’ ಎಂದರೆ ಕಾಸು ಮಾತ್ರವಲ್ಲ, ಪ್ರಾಮಾಣಿಕತೆಯೂ ಹೌದು. ‘ನಾಣ್ಯವಾದ ಮನುಷ್ಯ’ ಎನ್ನುತ್ತೇವಲ್ಲ, ಆ ಅರ್ಥದಲ್ಲಿ ಈ ಬಿಲ್ಲೆಗೆ ನಾಣ್ಯವಿಲ್ಲ ಎಂದು ಹೇಳಿದರೆ ಭಕ್ತಿಗೆ ಪೆಟ್ಟಾಗದೆ ವಿಷಯ ತಲುಪುತ್ತದೆ.

ಇಷ್ಟು ಹೇಳಿದ ಮೇಲೆ, ಎಳೆಯ ಪ್ರಶ್ನೆಗಳೆಲ್ಲ ಅಜ್ಞಾನದಿಂದ ಬರುತ್ತವೆ ಎಂಬ ಭಾವನೆ ಯಾರಿಗಾದರೂ ಬಂದಿದ್ದರೆ ಅದನ್ನೂ ತಿದ್ದಬೇಕು. ಕೆಲವು ಸಲ ಹೊಸಬರ ಕಣ್ಣು ನಮಗಿಂತ ಚುರುಕು. ಐದನೆಯ ಜಾರ್ಜ್ ದೊರೆಯ 1911ರ ರೂಪಾಯಿಯನ್ನು ನೋಡಿ ಒಬ್ಬ ಹುಡುಗಿ ‘ರಾಜನ ಅಂಗಿಯ ಮೇಲೆ ಹಂದಿ ಯಾಕಿದೆ?’ ಎಂದು ಕೇಳಿದಳು. ಮೇಜಿನವರೆಲ್ಲ ನಕ್ಕರು. ಆದರೆ 1911ರಲ್ಲಿ ಜನ ಹೇಳಿದ್ದೂ ಅದನ್ನೇ. ದೊರೆಯ ಉಡುಪಿನ ಮೇಲಿನ ಆನೆಯ ಸೊಂಡಿಲು ಮೊಟಕಾಗಿ, ಅದು ಹಂದಿಯಂತೆ ಕಂಡು, ಮುಸ್ಲಿಮರ ಮನಸ್ಸಿಗೆ ನೋವಾಯಿತೆಂಬ ಗುಲ್ಲೆದ್ದು, ಆ ರೂಪಾಯಿಗಳ ಬಹುಭಾಗವನ್ನು ಹಿಂದಕ್ಕೆ ಪಡೆದು ಕರಗಿಸಿದರು. 1912ರಿಂದ ಸೊಂಡಿಲು ಸ್ಪಷ್ಟವಾಗಿ ಕಾಣುವಂತೆ ಅಚ್ಚನ್ನು ತಿದ್ದಿದರು. ಸಂಗ್ರಾಹಕರು ಅದನ್ನು ‘ಹಂದಿ ರೂಪಾಯಿ’ ಎಂದೇ ಕರೆಯುತ್ತಾರೆ. ಆ ಹೆಸರು ಗೊತ್ತಿದ್ದೂ ನಾವು ನಕ್ಕೆವು, ಹೆಸರು ಗೊತ್ತಿಲ್ಲದೆ ಅವಳು ಕಂಡಳು.

ಇನ್ನೊಬ್ಬ ಹುಡುಗನ ಪ್ರಶ್ನೆ ನನ್ನ ಡೈರಿಯಲ್ಲಿ ಕೆಂಪು ಶಾಯಿಯಲ್ಲಿದೆ. ಮನೆಯಲ್ಲಿ ಉರ್ದು ಓದು ಬರಹವಿದ್ದ ಅವನು ಟಿಪ್ಪುವಿನ ಆನೆಯ ಪೈಸೆಯ ಮೇಲಿನ ಅಂಕಿಗಳನ್ನು ಓದಿ, ‘8121ನೇ ಇಸವಿ ಇನ್ನೂ ಬಂದೇ ಇಲ್ಲವಲ್ಲ ಅಂಕಲ್?’ ಎಂದ. ಅವನು ಓದಿದ್ದು ಸರಿಯಾಗಿಯೇ ಇತ್ತು. ಟಿಪ್ಪು ಹಿಜರಿ ಶಕೆಯನ್ನು ಬಿಟ್ಟು ಮೌಲೂದಿ ಎಂಬ ಶಕೆಯನ್ನು ಜಾರಿಗೆ ತಂದಾಗ, ಅಂಕಿಗಳನ್ನು ಲಿಪಿಯಂತೆಯೇ ಬಲದಿಂದ ಎಡಕ್ಕೆ ಬರೆಸಿದ. ಹಾಗೆ ಓದಿದರೆ ಅದು 1218, ನಮ್ಮ ಲೆಕ್ಕದಲ್ಲಿ ಸುಮಾರು 1790. ಆ ಲಿಪಿ ಬಾರದ ನಾವು ಪಟ್ಟಿ ನೋಡಿ ‘1218’ ಎಂದು ಚೀಟಿ ಅಂಟಿಸಿದ್ದೆವು. ಅಂಕಿಗಳು ತಿರುವಿರುವುದನ್ನು ನಮ್ಮಲ್ಲಿ ಎಷ್ಟು ಜನ ಕಣ್ಣಾರೆ ನೋಡಿದ್ದೆವು ಎಂದು ನಾನು ಕೇಳಲು ಹೋಗಲಿಲ್ಲ.

ಬೇಲೂರು, ಹಳೇಬೀಡುಗಳನ್ನು ನೋಡಿ ಬಂದವರು ‘ಶಾಸನದಲ್ಲಿ ಗದ್ಯಾಣ ಎಂದಿದೆ, ಅದು ಇವತ್ತಿನ ಎಷ್ಟು ರೂಪಾಯಿ?’ ಎಂದು ಕೇಳುತ್ತಾರೆ. ಲೆಕ್ಕ ಹಾಕಿ ಕೊಡಲಾಗದ ಪ್ರಶ್ನೆ ಇದು. ಆದರೂ ಗದ್ಯಾಣವನ್ನು ಕಣ್ಣಿಗೆ ಕಟ್ಟಿಸಬಹುದು: ವಿಷ್ಣುವರ್ಧನನ ಚಿನ್ನದ ನಾಣ್ಯದ ತೂಕ ಹೆಚ್ಚುಕಡಿಮೆ ನಾಲ್ಕು ಗ್ರಾಂ, ಒಂದು ಕಡೆ ಸಿಂಹ, ಇನ್ನೊಂದು ಕಡೆ ಕನ್ನಡದಲ್ಲಿ ‘ಶ್ರೀ ತಳಕಾಡುಗೊಂಡ’ ಎಂಬ ಬರಹ. ರಾಜನ ಮುಖವಿಲ್ಲ, ಹೆಸರೂ ಇಲ್ಲ, ಗೆದ್ದ ಊರಿನ ಹೆಸರಿದೆ. ಇಷ್ಟು ಹೇಳಿದರೆ ರೂಪಾಯಿಯ ಲೆಕ್ಕವನ್ನು ಅವರೇ ಮರೆಯುತ್ತಾರೆ.

ಹೊಲದಲ್ಲಿ ಸಿಕ್ಕಿತು ಎಂದು ಪಿಸುಮಾತಿನಲ್ಲಿ ಹೇಳುವವರಿಗೆ ಮಾತ್ರ ಒಂದೇ ಉತ್ತರ. ನೆಲದಡಿ ಸಿಕ್ಕ ನಿಧಿಯನ್ನು ಜಿಲ್ಲಾಡಳಿತಕ್ಕೆ ತಿಳಿಸಬೇಕೆಂಬ ಕಾನೂನು ನಮ್ಮ ದೇಶದಲ್ಲಿ 1878ರಿಂದ ಇದೆ. ನೂರು ವರ್ಷ ದಾಟಿದ ನಾಣ್ಯ 1972ರ ಕಾನೂನಿನಂತೆ ಪುರಾವಸ್ತು. ಇಲ್ಲಿ ಕೊಳ್ಳುವ ಮಾತನ್ನು ಹಳಬರು ಆಡಲೇಬಾರದು.

ನಮ್ಮವರ ಪರವಾಗಿಯೂ ಒಂದು ಮಾತು. ಒಂದೇ ಪ್ರಶ್ನೆಯನ್ನು ದಿನಕ್ಕೆ ನಲವತ್ತು ಸಲ ಕೇಳಿದರೆ ಯಾರಿಗಾದರೂ ದಣಿವಾಗುತ್ತದೆ; ಬೆಲೆ ಹೇಳಿದರೆ ‘ನೀವೇ ತಗೊಳ್ಳಿ’ ಎಂಬ ಒತ್ತಾಯ, ಹೇಳದಿದ್ದರೆ ‘ದೊಡ್ಡಸ್ತಿಕೆ’ ಎಂಬ ಮಾತು. ದಣಿವನ್ನು ನಾನು ಕ್ಷಮಿಸಬಲ್ಲೆ. ತಾನು ತಿಳಿದವನು ಎಂದು ಪಕ್ಕದವರಿಗೆ ತೋರಿಸಲು ಎದುರಿಗಿರುವವರ ಮುಂದೆ ನಗುವುದನ್ನು ಕ್ಷಮಿಸಲಾರೆ. ನಾಳೆಯಿಂದ ನಮ್ಮ ಪ್ರತಿ ಮೇಜಿನ ಮೇಲೂ ಒಂದು ಭೂತಗನ್ನಡಿ, ಸಣ್ಣ ತಕ್ಕಡಿ, ಆಯಸ್ಕಾಂತ ಮತ್ತು ಒಂದು ಹಿಡಿ ಅಕ್ಕಿ ಇರಲಿ ಎಂದು ಕೇಳಿಕೊಂಡಿದ್ದೇನೆ. ಬಂದವರು ಉತ್ತರ ಕೇಳುವ ಮೊದಲು ತಾವೇ ನೋಡಲಿ, ತೂಗಲಿ.

ಮಾತು ಮುಗಿಸಿ ಕುಳಿತಾಗ ಹಿಂದಿನ ಸಾಲಿನ ಒಬ್ಬ ಗೃಹಿಣಿ ಎದ್ದು ನಿಂತರು. ಪರ್ಸಿನಿಂದ ಒಂದು ಎಂಟಾಣೆ ತೆಗೆದು, ‘ಸಾರ್, ಇದು ಈಗಲೂ ನಡೆಯುತ್ತದಾ?’ ಎಂದು ಕೇಳಿದರು. ನಾನು ಅಜ್ಜಿಯನ್ನು ನೆನೆದು ಎಚ್ಚರದಿಂದ ಹೇಳಿದೆ: ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣ ನಾಣ್ಯಗಳ ಚಲಾವಣೆ 2011ರ ಜೂನ್ 30ಕ್ಕೆ ಮುಗಿಯಿತು, ಎಂಟಾಣೆ ಈಗಲೂ ಕಾನೂನಿನಂತೆ ನಡೆಯುತ್ತದೆ, ಒಟ್ಟು ಹತ್ತು ರೂಪಾಯಿಯವರೆಗೆ ಕೊಟ್ಟರೆ ತೆಗೆದುಕೊಳ್ಳಬೇಕು. ‘ಹಾಗಾದರೆ ನಮ್ಮ ಬೀದಿಯ ಅಂಗಡಿಯವರು ಯಾಕೆ ತೆಗೆದುಕೊಳ್ಳುವುದಿಲ್ಲ?’ ಎಂದರು. ನಾನು ಮುಂದಿನ ಸಾಲಿನ ಹಿರಿಯರ ಕಡೆ ನೋಡಿದೆ. ಅವರು ನನ್ನ ಕಡೆ ನೋಡಿದರು.